ನಂದಿ ಬುಡದ ದ್ರಾಕ್ಷಿ, ಬಾಟಲಿ ಮೇಲಿನ ಬೆಲೆ

ಫ್ರಾನ್ಸ್‌ನ ಶಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ ಫ್ರೆಂಚ್ ದ್ರಾಕ್ಷಿ ತಳಿಗಳನ್ನು ನೆಟ್ಟದ್ದು 1980ರ ದಶಕದ ಕೊನೆಯಲ್ಲಿ. ಆದರೆ ನಂದಿಬೆಟ್ಟದ ಬುಡದ ಈ ನೆಲಕ್ಕೆ ದ್ರಾಕ್ಷಿ ಹೊಸದಲ್ಲ. ಅದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿನ ರೈತರು ಚಪ್ಪರ ಹಾಕಿ ಬೆಂಗಳೂರು ಬ್ಲೂ ಎಂಬ ತಳಿಯನ್ನು ಬೆಳೆಯುತ್ತಿದ್ದಾರೆ. ವರ್ಷಕ್ಕೆ ಎರಡು ಫಸಲು ಕೊಡುವ ಬಳ್ಳಿ ಅದು. ಹಣ್ಣನ್ನು ಬಾಯಿಗೆ ಹಾಕಿ ಒತ್ತಿದರೆ ದಪ್ಪ ಸಿಪ್ಪೆ ಕಳಚಿಕೊಂಡು, ಬೀಜದ ಸಮೇತ ತಿರುಳು ಜಾರಿ ನಾಲಿಗೆಗೆ ಬರುತ್ತದೆ. ಬೆನ್ನಲ್ಲೇ ಮೂಗು ತುಂಬುವ ಗಾಢ ಪರಿಮಳ. 2013ರಲ್ಲಿ ಈ ತಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಆದರೂ ವೈನ್ ಮಾರುಕಟ್ಟೆಯಲ್ಲಿ ಅದರ ಪಾಲಿಗೆ ಬಂದದ್ದು ಅಗ್ಗದ ಸಿಹಿ ಪೋರ್ಟ್ ವೈನ್. ದುಬಾರಿ ಬಾಟಲಿಗಳ ಮೇಲೆ ಇರುವುದು ಕ್ಯಾಬರ್ನೆ, ಶಿರಾಜ್‌ನಂಥ ಫ್ರೆಂಚ್ ತಳಿಗಳ ಹೆಸರು.

ಈ ಅಂತರದಲ್ಲಿ ನಾಲಿಗೆಯ ಪಾಲೆಷ್ಟು, ಮನಸ್ಸಿನ ಪಾಲೆಷ್ಟು?

2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕಿ ಹಿಲ್ಕೆ ಪ್ಲಾಸ್ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 20 ಜನರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಕೊಳವೆಯಲ್ಲಿ ಸ್ವಲ್ಪ ಸ್ವಲ್ಪವೇ ವೈನ್ ಕುಡಿಸಿದರು. ಇದ್ದದ್ದು ಮೂರು ವೈನ್, ಹೇಳಿದ್ದು ಐದು ಎಂದು. ಒಂದೇ ವೈನನ್ನು ಒಮ್ಮೆ 10 ಡಾಲರ್‌ನದು, ಇನ್ನೊಮ್ಮೆ 90 ಡಾಲರ್‌ನದು ಎಂದು ಕೊಟ್ಟರು. ಬೆಲೆ ಹೆಚ್ಚು ಹೇಳಿದಾಗ ಜನಕ್ಕೆ ಅದು ಹೆಚ್ಚು ಹಿಡಿಸಿತು. ಬಾಯಿಮಾತಿಗೆ ಹಾಗೆ ಹೇಳಿದರು ಎನ್ನುವಂತಿಲ್ಲ: ಹಿತವನ್ನು ಅಳೆಯುವ ಮೆದುಳಿನ ಭಾಗವೇ ಹೆಚ್ಚು ಚುರುಕಾಗಿತ್ತು. ರುಚಿಯ ಸಂದೇಶ ಮೊದಲು ತಲುಪುವ ಭಾಗದಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ನಾಲಿಗೆ ಕಳಿಸಿದ್ದು ಅದೇ ಸುದ್ದಿ; ಅದಕ್ಕೆ ಬೆಲೆ ಕಟ್ಟಿದ ರೀತಿ ಬೇರೆ. ನನ್ನ ಮಟ್ಟಿಗೆ ಇಡೀ ವೈನ್ ಸಂಶೋಧನೆಯಲ್ಲಿ ಇದಕ್ಕಿಂತ ಮಹತ್ವದ ಫಲಿತಾಂಶ ಇನ್ನೊಂದಿಲ್ಲ.

ಬಣ್ಣವೂ ಇದೇ ಕೆಲಸ ಮಾಡುತ್ತದೆ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅದರ ಪರಿಮಳವನ್ನು ಅವರು ಕೆಂಪು ವೈನ್‌ನ ಮಾತುಗಳಲ್ಲೇ ಬಣ್ಣಿಸಿದರು. 2008ರಲ್ಲೇ ಬಂದ ಮತ್ತೊಂದು ಅಧ್ಯಯನ, ಬೆಲೆ ಮುಚ್ಚಿಟ್ಟು ನಡೆಸಿದ 6,000ಕ್ಕೂ ಹೆಚ್ಚು ಪರೀಕ್ಷೆಗಳನ್ನು ತೂಗಿ ನೋಡಿತು. ತರಬೇತಿ ಇಲ್ಲದವರಿಗೆ ಸರಾಸರಿಯಲ್ಲಿ ದುಬಾರಿ ವೈನ್ ತುಸು ಕಡಿಮೆಯೇ ಹಿಡಿಸಿತ್ತು.

ಹಾಗೆಂದು ಎಲ್ಲವೂ ಭ್ರಮೆಯಲ್ಲ. ಬೆಂಗಳೂರು ಬ್ಲೂ ಅಮೆರಿಕ ಮೂಲದ ಲಬ್ರುಸ್ಕಾ ದ್ರಾಕ್ಷಿಯ ನಂಟಿನದು. ಆ ಕುಲದ ಗಾಢ ಪರಿಮಳಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತ. ಯುರೋಪಿನ ವೈನ್ ಪರಂಪರೆ ಈ ವಾಸನೆಯನ್ನು ದೋಷವೆಂದೇ ಎಣಿಸಿತು. ಅದೇ ಸಂಯುಕ್ತ ಮಲ್ಲಿಗೆಯಲ್ಲೂ ಇದೆ! ಅಮೆರಿಕದ ಮಕ್ಕಳು ಇಷ್ಟಪಡುವ ಕಾಂಕರ್ಡ್ ದ್ರಾಕ್ಷಾರಸದ ಘಮವೂ ಅದೇ. ಅಣು ಒಂದೇ, ಅದಕ್ಕೆ ಸಿಗುವ ಮರ್ಯಾದೆ ಊರಿಗೊಂದು.

ಕರ್ನಾಟಕ ದ್ರಾಕ್ಷಾರಸ ಮಂಡಳಿ ವೈನ್ ಮೇಳ ನಡೆಸುತ್ತದೆ. ಅಂಥ ಮೇಳದಲ್ಲೇ ಈ ಪ್ರಯೋಗ ಆಗಬೇಕು: ಬೆಂಗಳೂರು ಬ್ಲೂನಿಂದ ಜತನವಾಗಿ ಮಾಡಿದ, ಸಕ್ಕರೆ ಬೆರೆಸದ ವೈನನ್ನು ಹೆಸರಿಲ್ಲದ ಲೋಟದಲ್ಲಿ ಕ್ಯಾಬರ್ನೆಯ ಪಕ್ಕ ಇಡಬೇಕು. ಆ ಹಣ್ಣು ತಿಂದು ಬೆಳೆದವರೂ, ತಿನ್ನದವರೂ ಅಂಕ ಕೊಡಲಿ. ಮರುದಿನ ತಳಿಯ ಹೆಸರು, ಬೆಲೆ ಹೇಳಿ ಅದನ್ನೇ ಅವರಿಗೆ ಮತ್ತೆ ಕೊಡಬೇಕು. ಆಗ ಅಂಕಗಳಲ್ಲಿ ಎಷ್ಟು ಏರಿಳಿತ ಕಂಡಿತೋ ಅಷ್ಟು ಲೇಬಲ್‌ನ ಪಾಲು. ದೊಡ್ಡಬಳ್ಳಾಪುರದ ರೈತರಿಗೆ ಗೊತ್ತಾಗಬೇಕಾದದ್ದು ಆ ಅಂಕಿ.