ಉಸಿರು ಎಣಿಸಲು ಒಂದು ನಿಮಿಷ



ಕಾಫಿ ಕೊಯ್ಲು ಮುಗಿದು, ಕಣದ ಲೆಕ್ಕ ಚುಕ್ತಾ ಆಗಿ, ಬಯಲುಸೀಮೆಯ ಆಳುಗಳು ಊರಿಗೆ ಮರಳಿದ ಮೇಲೆ ನಾವು ವಾಡಿಕೆಯಂತೆ ಈ ಪುಟಗಳಲ್ಲಿ ಚಿಗುರು ತೆಗೆಯುವುದು, ಗೊಬ್ಬರ, ಬೋರ್ಡೊ ದ್ರಾವಣದ ಹದ ಮುಂತಾದವನ್ನು ಬರೆಯುತ್ತೇವೆ. ಈ ಸಲ ಅದನ್ನೆಲ್ಲ ಬದಿಗಿರಿಸಿ ನಮ್ಮದೇ ತಪ್ಪೊಂದನ್ನು ತಮ್ಮ ಮುಂದೆ ಇಡಬೇಕಾಗಿದೆ. ತಮ್ಮ ಲೈನ್‌ಮನೆಗಳಲ್ಲಿಯೂ ಮನೆಯ ಜಗಲಿಯಲ್ಲಿಯೂ ಕೆಮ್ಮುವವರು ಇದ್ದೇ ಇರುತ್ತಾರೆ. ಆದ್ದರಿಂದ ಇದು ತಮಗೂ ಸಂಬಂಧಪಟ್ಟ ವಿಷಯ.

ಸಿರುಗುಪ್ಪದ ಹತ್ತಿರ, ತುಂಗಭದ್ರೆಯ ದಂಡೆಯ ಮೇಲೆ ಕೆಂಚನಗುಡ್ಡ ಎಂಬ ಊರಿದೆ. ವಿಜಯನಗರದ ಕಾಲದಿಂದ ಕಾಲುವೆ ನೀರು ಕಂಡ ಸೀಮೆ, ಎತ್ತ ನೋಡಿದರೂ ಭತ್ತದ ಗದ್ದೆ. ಆ ಕಡೆಯ ಮೇಸ್ತ್ರಿಯೊಬ್ಬರು ಬಹಳ ವರ್ಷಗಳಿಂದ ಆಳುಗಳ ತಂಡ ಕಟ್ಟಿಕೊಂಡು ನಮ್ಮ ತೋಟಕ್ಕೆ ಕೊಯ್ಲಿಗೆ ಬರುತ್ತಿದ್ದರು. ಹಿಂದಿನ ಕೊಯ್ಲಿನಲ್ಲಿ ಅವರು ಇಳಿಜಾರು ಹತ್ತುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದುದನ್ನು ನಾವು ಕಂಡೆವು. ವಯಸ್ಸಾಯಿತು, ಬೀಡಿ ಬೇರೆ ಸೇದುತ್ತಾರೆ ಎಂದುಕೊಂಡೆವು. ಮನೆಯಲ್ಲಿದ್ದ ಕೆಮ್ಮಿನ ಔಷಧದ ಬಾಟಲಿ ಕೊಟ್ಟೆವು, ಮೆಣಸಿನ ಕಷಾಯ ಮಾಡಿಸಿಕೊಟ್ಟೆವು. ಅಷ್ಟಕ್ಕೇ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದೆವು.

ಒಂದು ಮಾತನ್ನು ಅವರು ಹೇಳಿದ್ದರು: "ಮಲಗಾಕ ಆಗಂಗಿಲ್ಲ ಧಣೇರ, ಕುಂತ್ಕಂಡೇ ನಿದ್ದಿ ಮಾಡ್ತೀನಿ." ನಾವು ಕೇಳಿಸಿಕೊಂಡೆವು, ಅರ್ಥ ಮಾಡಿಕೊಳ್ಳಲಿಲ್ಲ. ಊರಿಗೆ ಹೋಗುವ ದಾರಿಯಲ್ಲಿ, ರಾತ್ರಿಯ ಬಸ್ಸಿನಲ್ಲಿ, ಅವರ ತುಟಿ ನೀಲಿಗಟ್ಟಿತು. ಜೊತೆಯವರು ಬಳ್ಳಾರಿಯಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಒಂಬತ್ತು ದಿನ ಆಮ್ಲಜನಕದ ಮೇಲೆ ಇದ್ದು ಬದುಕಿಕೊಂಡರು. ಕಫದ ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದು ಗೊತ್ತಾಯಿತು. ಇದ್ದದ್ದು ಶ್ವಾಸನಾಳಗಳು ಕ್ರಮೇಣ ಕಿರಿದಾಗುವ ಸಿಓಪಿಡಿ ಎಂಬ ಹಳೆಯ ಕಾಯಿಲೆ.

ಸುದ್ದಿ ತಿಳಿದು ನಾವು ಕೆಂಚನಗುಡ್ಡಕ್ಕೆ ಹೋದಾಗ ಅವರ ಮನೆಗೆ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಿದ್ದರು. ಆಕೆ ಮಾಡಿದ ಕೆಲಸ ನೋಡಿ ನಮಗೆ ನಾಚಿಕೆಯಾಯಿತು. ಮೊದಲು ಏನನ್ನೂ ಕೇಳಲಿಲ್ಲ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲಿಟ್ಟು, ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿದರು. "ಉಸಿರು ಎಣಿಸ್ತೀನಿ ಅಂತ ಹೇಳಿದ್ರೆ ಉಸಿರಾಟನೇ ಬದಲಾಗಿಬಿಡುತ್ತೆ ಸಾರ್, ಅದಕ್ಕೇ ಕೈ ಹಿಡ್ಕೊಳ್ಳೋದು" ಎಂದು ಆಮೇಲೆ ವಿವರಿಸಿದರು.

ಆಕೆಯಿಂದ ಕಲಿತದ್ದನ್ನೂ, ನಂತರ ವೈದ್ಯ ಮಿತ್ರರಲ್ಲಿ ಕೇಳಿ ಖಚಿತಪಡಿಸಿಕೊಂಡದ್ದನ್ನೂ ಇಲ್ಲಿ ಕೊಡುತ್ತಿದ್ದೇವೆ.

ನೋಡಬೇಕಾದದ್ದು

ಸುಮ್ಮನೆ ಕುಳಿತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. 25 ಮುಟ್ಟಿದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು. 30 ದಾಟಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಮಕ್ಕಳ ಲೆಕ್ಕ ಬೇರೆ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40: ಇವನ್ನು ಮುಟ್ಟಿದರೆ ಅದು ವೇಗದ ಉಸಿರು, ನ್ಯುಮೋನಿಯಾದ ಸೂಚನೆ. ಉಸಿರು ಎಳೆದಾಗ ಮಗುವಿನ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಎಣಿಸುತ್ತ ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಹೊರಡಬೇಕು.

ಎಣಿಕೆಯ ಜೊತೆಗೆ ರೋಗಿ ಕುಳಿತ ಭಂಗಿಯನ್ನು ಗಮನಿಸಬೇಕು. ಎರಡು ಕೈಯನ್ನೂ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿದ್ದಾರೆಯೇ? ಕತ್ತಿನ ಸ್ನಾಯುಗಳು ಎದ್ದು ಕಾಣುತ್ತಿವೆಯೇ? ಒಂದು ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆಯೇ, ಎರಡು ಶಬ್ದಕ್ಕೊಮ್ಮೆ ನಿಲ್ಲುತ್ತಾರೆಯೇ? ಕಪ್ಪು ಮೈಬಣ್ಣದವರಲ್ಲಿ ನೀಲಿ ಛಾಯೆ ಬೇಗ ತಿಳಿಯದು; ನಾಲಿಗೆ ಮತ್ತು ತುಟಿಯ ಒಳಭಾಗ ನೋಡಬೇಕು. ಕಫದ ಬಣ್ಣವೇನು, ಅದರಲ್ಲಿ ರಕ್ತವಿದೆಯೇ, ಪಾದ ಊದಿದೆಯೇ, ರಾತ್ರಿ ಎಷ್ಟು ದಿಂಬು ಬೇಕು ಎಂದು ಕೇಳಬೇಕು. ನಮ್ಮ ಮೇಸ್ತ್ರಿ ಕುಳಿತೇ ನಿದ್ರಿಸುತ್ತೇನೆಂದಾಗ ಈ ಕೊನೆಯ ಪ್ರಶ್ನೆಗೆ ನಾವು ಕೇಳುವ ಮೊದಲೇ ಉತ್ತರ ಕೊಟ್ಟಿದ್ದರು. ಏದುತ್ತಿದ್ದವರು ಮಂಪರಾಗಿ ಮಾತು ತಪ್ಪಿದರೆ ನಿದ್ದೆ ಬಂತೆಂದು ಸಮಾಧಾನಪಡಬಾರದು. ಅದು ಅತ್ಯಂತ ಕೆಟ್ಟ ಲಕ್ಷಣ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಅನೇಕರ ಮನೆಗೆ ಬಂದಿದೆ. ಬೆರಳು ತೊಳೆದು, ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಆರೋಗ್ಯವಂತರಲ್ಲಿ 94ಕ್ಕಿಂತ ಕಡಿಮೆ ಬಂದರೆ ವೈದ್ಯರ ಸಲಹೆ ಬೇಕು. ಹಳೆಯ ಸಿಓಪಿಡಿ ಇದ್ದವರಿಗೆ ಆಮ್ಲಜನಕ ಕೊಡುವಾಗ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕೆನ್ನುತ್ತಾರೆ. ಮೇಸ್ತ್ರಿಯ ಸೊಸೆ, ಮಾವನಿಗೆ ಬೇಗ ಗುಣವಾಗಲೆಂದು, ಆಸ್ಪತ್ರೆಯಲ್ಲಿ ಆಮ್ಲಜನಕದ ತಿರುಪನ್ನು ಜಾಸ್ತಿ ಮಾಡಲು ಹೋಗಿದ್ದರಂತೆ. ಅಲ್ಲಿಯ ಸಿಸ್ಟರ್ ಕೈ ಹಿಡಿದು ತಡೆದರಂತೆ. ಇಂಥ ರೋಗಿಗೆ ಆಮ್ಲಜನಕ ಹೆಚ್ಚಾದರೂ ಅಪಾಯವೇ.

ಮಾಡಬೇಕಾದದ್ದು

ಏದುವವರನ್ನು ಮಲಗಿಸಬಾರದು. ಕುಳ್ಳಿರಿಸಿ, ಮುಂದೆ ಮೇಜು ಅಥವಾ ತೊಡೆಯ ಮೇಲೆ ದಿಂಬು ಇಟ್ಟು, ಮೊಣಕೈ ಊರಲು ಹೇಳಬೇಕು. ಸುತ್ತ ನೆರೆದವರನ್ನು ಚದುರಿಸಿ ಗಾಳಿಗೆ ದಾರಿ ಬಿಡಬೇಕು. ಮೂಗಿನಿಂದ ಎರಡು ಎಣಿಸುವಷ್ಟು ಉಸಿರು ತೆಗೆದುಕೊಂಡು, ಬಿಸಿ ಕಾಫಿ ಆರಿಸುವಂತೆ ತುಟಿ ಕೂಡಿಸಿ, ನಾಲ್ಕು ಎಣಿಸುವಷ್ಟು ನಿಧಾನವಾಗಿ ಬಿಡಬೇಕು. ಇದನ್ನು ಉಸಿರು ಸರಿಯಿದ್ದಾಗಲೇ ಅಭ್ಯಾಸ ಮಾಡಿಸಿದ್ದರೆ ಕಷ್ಟದಲ್ಲಿ ನೆನಪಾಗುತ್ತದೆ.

ಸೇದುವ ಔಷಧದ ಪಂಪಿನ ಬಗ್ಗೆ, ಒಮ್ಮೆ ಹಿಡಿದರೆ ಬಿಡಿಸಲಾಗದ ಚಟ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣದ ಔಷಧ ನೇರವಾಗಿ ಶ್ವಾಸನಾಳಕ್ಕೆ ಸೇರುವುದೇ ಅದರ ಗುಣ. ಆದರೆ ಸೇದುವ ಕ್ರಮ ತಪ್ಪಿದರೆ ಔಷಧವೆಲ್ಲ ಗಂಟಲಲ್ಲೇ ಉಳಿಯುತ್ತದೆ. ಪಂಪನ್ನು ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ತಡೆದಿಡಬೇಕು. ಎರಡನೆಯ ಸಲಕ್ಕೆ ಒಂದು ನಿಮಿಷ ಬಿಡಬೇಕು. ಕೊನೆಗೆ ಬಾಯಿ ಮುಕ್ಕಳಿಸಬೇಕು. ವಯಸ್ಸಾದವರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿದರೆ ಸುಲಭ. ಕೆಂಚನಗುಡ್ಡದ ನರ್ಸಮ್ಮ ಮೇಸ್ತ್ರಿಯಿಂದ ಇದನ್ನು ಮೂರು ಸಲ ಮಾಡಿಸಿ ನೋಡಿಯೇ ಎದ್ದರು. ಹೊರಡುವಾಗ ಅಡುಗೆಮನೆಗೂ ಇಣುಕಿ, ಕಟ್ಟಿಗೆ ಒಲೆಯ ಹೊಗೆ ಹೊರಗೆ ಹೋಗಲು ದಾರಿಯಿಲ್ಲದ್ದನ್ನು ಮಗನಿಗೆ ತೋರಿಸಿದರು.

ಆ ಮಾತು ಕೇಳಿದಾಗ ನಮಗೆ ನಮ್ಮ ಅಡಿಕೆ ಬೇಯಿಸುವ ಹಂಡೆ ನೆನಪಾಯಿತು. ಸುಗ್ಗಿಯಲ್ಲಿ ಹೆಂಗಸರು ಅದರ ಹೊಗೆಯಲ್ಲೇ ದಿನಗಟ್ಟಲೆ ನಿಲ್ಲುತ್ತಾರೆ. ಒಣಗಿದ ಚೆರ್ರಿ ಕಾಫಿ ಬಿಡಿಸುವಾಗಿನ ಧೂಳು, ಬೂಷ್ಟು ಹಿಡಿದ ಹುಲ್ಲಿನ ಪುಡಿ, ಎಲ್ಲವೂ ಎದೆಗೇ ಇಳಿಯುತ್ತವೆ. ಒಲೆಗೆ ಎತ್ತರದ ಹೊಗೆಕೊಳವೆ ಹಾಕಿಸುವುದು ನಮ್ಮ ಕೈಗೆ ಮೀರಿದ ಖರ್ಚಲ್ಲ.

ಹಳೆಯ ಪಾಠ

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ಕಂಡುಬಂದದ್ದೇ ಬೇರೆ. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು; ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಇದ್ದರು. ಹಾಗೆ ಹೋದವರು ಬಹುಮಟ್ಟಿಗೆ ಕೆಮ್ಮಿನ ಔಷಧದ ಬಾಟಲಿ ಹಿಡಿದು ಹಿಂದಿರುಗಿದ್ದರು. ಅರವತ್ತು ವರ್ಷ ಕಳೆದ ಮೇಲೆ ಅದೇ ಬಾಟಲಿಯನ್ನು ನಾವು ನಮ್ಮ ಮೇಸ್ತ್ರಿಯ ಕೈಗೆ ಕೊಟ್ಟಿದ್ದೆವು.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ. ಕ್ಷಯವೆಂದು ತಿಳಿದರೆ ಔಷಧವೂ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿಸಲಾಗಿದೆ. ಹೊರಜಿಲ್ಲೆಯಿಂದ ಬಂದ ಆಳುಗಳಿಗೆ ಇದನ್ನು ತಿಳಿಸುವವರು ನಾವೇ ಆಗಬೇಕು.

ಮೇಸ್ತ್ರಿ ಈಗ ಬೀಡಿ ಬಿಟ್ಟಿದ್ದಾರೆ, ಕಾಲುವೆಯವರೆಗೆ ನಡೆದು ಬರುತ್ತಾರೆ. ಘಟ್ಟ ಹತ್ತಲು ಇನ್ನಾಗದು. ಬರುವ ಕೊಯ್ಲಿಗೆ ತಂಡವನ್ನು ಮಗ ಕರೆತರುತ್ತಾನಂತೆ.

ಸಂಘದ ಕಚೇರಿಯಲ್ಲಿ ಒಂದು ಆಕ್ಸಿಮೀಟರನ್ನೂ, ಮೇಲಿನ ಅಂಕಿಗಳನ್ನು ಬರೆದ ಹಲಗೆಯನ್ನೂ ಇರಿಸಿದ್ದೇವೆ. ಸದಸ್ಯರು ಆಳುಗಳನ್ನು ಕರೆತಂದು ಧಾರಾಳವಾಗಿ ಉಪಯೋಗಿಸಬಹುದು. ಕೊಯ್ಲಿನ ಮೊದಲ ವಾರದಲ್ಲಿ, ಮುಂಗಡದ ಲೆಕ್ಕ ಬರೆಯುವ ದಿನವೇ, ಕೆಮ್ಮುವ ಪ್ರತಿಯೊಬ್ಬರ ಉಸಿರನ್ನೂ ಒಂದು ನಿಮಿಷ ಎಣಿಸಿರೆಂದು ವಿನಂತಿ.

— ಕಾರ್ಯದರ್ಶಿ