ವಿಮಾನನಿಲ್ದಾಣದ ವಿಶೇಷ ರೈಲುಗಾಡಿ: ವೇಗವೂ ಪ್ರಯೋಜನವೂ

ನಗರದಿಂದ ವಿಮಾನನಿಲ್ದಾಣಕ್ಕೆ ಅಧಿಕ ದರದಲ್ಲಿ ಓಡುವ ವಿಶೇಷ ರೈಲುಗಾಡಿಗಳ ಪ್ರಯೋಜನವನ್ನು ವೇಗವೊಂದರಿಂದಲೇ ಅಳೆಯಲಾಗದು. ಮನೆಯ ಬಾಗಿಲಿನಿಂದ ತಗಲುವ ಸಮಗ್ರ ಕಾಲವನ್ನೂ ವೆಚ್ಚವನ್ನೂ ಎಣಿಸಬೇಕು. ಇದಕ್ಕೆ ಎರಡು ನಗರಗಳ ಅನುಭವವು ನಿದರ್ಶನವಾಗಿರುವುದು.

ಲಂಡನ್ನಿನಲ್ಲಿ 1998ರಲ್ಲಿ ಮೊದಲಾದ ಹೀಥ್ರೋ ಎಕ್ಸ್‌ಪ್ರೆಸ್ ಪ್ಯಾಡಿಂಗ್ಟನ್ನಿನಿಂದ ಸುಮಾರು 15 ನಿಮಿಷಗಳಲ್ಲಿ ವಿಮಾನನಿಲ್ದಾಣವನ್ನು ಸೇರುವುದು. ಆದರೆ ಪ್ಯಾಡಿಂಗ್ಟನ್ ನಗರಮಧ್ಯಕ್ಕೆ ಪಶ್ಚಿಮದಲ್ಲಿರುವುದರಿಂದ, ಪೂರ್ವಭಾಗದವರು ಅಲ್ಲಿಗೆ ಬಂದು ಗಾಡಿ ಬದಲಿಸಬೇಕು. ವೇಗದಿಂದ ಉಳಿದ ನಿಮಿಷಗಳು ಅಲ್ಲಿಯೇ ವ್ಯಯವಾಗುವುವು. 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗದ ಗಾಡಿಗಳು ನಡುನಡುವೆ ನಿಲ್ಲುತ್ತ ಹೋದರೂ, ನಗರಮಧ್ಯದಿಂದ ನೇರವಾಗಿ, ಕಡಿಮೆ ದರದಲ್ಲಿ ಒಯ್ಯುವುವು.

ಕೆನಡಾದ ಟೊರಾಂಟೊ ನಗರದ ಪಾಠವು ದರಕ್ಕೆ ಸಂಬಂಧಿಸಿದುದು. 2015ರಲ್ಲಿ ಆರಂಭವಾದ ಅಲ್ಲಿಯ ಗಾಡಿಯ 25 ನಿಮಿಷಗಳ ಪ್ರಯಾಣಕ್ಕೆ ಪೂರ್ಣ ದರ 27.50 ಡಾಲರುಗಳಾಗಿದ್ದಿತು; ಆಸನಗಳು ಬಹುಮಟ್ಟಿಗೆ ಬರಿದಾಗಿದ್ದುವು. 2016ರ ಮಾರ್ಚ್ ತಿಂಗಳಲ್ಲಿ ಅದನ್ನು 12 ಡಾಲರುಗಳಿಗೆ ಇಳಿಸಲು, ಪ್ರಯಾಣಿಕರ ಸಂಖ್ಯೆ ಏರಿತು. ಹಳಿಯೂ ಗಾಡಿಯೂ ವೇಗವೂ ಹಿಂದಿನವೇ. ಬದಲಾದುದು ದರ ಮಾತ್ರ.

ಆದುದರಿಂದ ಇಂತಹ ಗಾಡಿಯು ಅದು ಹೊರಡುವ ನಿಲ್ದಾಣದ ಸಮೀಪದವರಿಗೆ ಬೆಲೆಗೆ ತಕ್ಕುದಾಗಬಹುದು. ದೂರದವರಿಗೆ ಹಾಗಾಗುವುದು ವಿರಳ. ಸಾರ್ವಜನಿಕ ಧನದಿಂದ ಕಟ್ಟಿದ ಮಾರ್ಗದ ಸಾರ್ಥಕತೆಯಾದರೋ ಅದನ್ನು ಬಳಸುವ ಜನರ ಬಾಹುಳ್ಯದಲ್ಲಿಯೇ ಇರುವುದು.