ಕುಂಟುವ ಕೋಳಿ: ಕಾರಣವೂ ಚಿಕಿತ್ಸೆಯೂ



ಮೈಸೂರಿನಿಂದ ಕನ್ನಂಬಾಡಿ ಕಟ್ಟೆಗೆ ಹೋಗುವ ದಾರಿಯಲ್ಲಿ ಬೆಳಗೊಳವೆಂಬ ಊರು ಸಿಕ್ಕುತ್ತದೆ. ಬೃಂದಾವನದ ದೀಪಗಳನ್ನು ನೋಡಲು ಹೊರಟ ನಗರವಾಸಿಗಳು ಈ ಊರನ್ನು ಕಂಡರೂ ಕಾಣದವರಂತೆ ಮುಂದೆ ಸಾಗಿಬಿಡುವುದು ವಾಡಿಕೆ. ಶ್ರೀರಂಗಪಟ್ಟಣ ತಾಲ್ಲೂಕಿಗೆ ಸೇರಿದ ಈ ಸೀಮೆ ಕಾವೇರಿಯ ನಾಲೆಗಳ ನೀರುಂಡು ಭತ್ತ ಕಬ್ಬುಗಳನ್ನು ಬೆಳೆಯುತ್ತದೆ. ನಾವು ಒಮ್ಮೆ ಅಲ್ಲಿಯ ಪರಿಚಿತರ ಮನೆಗೆ ಹೋಗಿದ್ದಾಗ, ಆ ಮನೆಯ ಹಿರಿಯಾಕೆ ಹಿತ್ತಲಿನಲ್ಲಿ ಒಂದು ಹೇಂಟೆಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದರು. “ನೋಡಿ ಸ್ವಾಮಿ, ನಾಕು ದಿನದಿಂದ ಕುಂಟ್ತಾ ಅದೆ. ಸಂತೆಗೆ ಕೊಟ್ಬುಡದೋ, ಮನೇಲೇ ಕುಯ್ಯದೋ ಗೊತ್ತಾಯ್ತಿಲ್ಲ. ಮೊಮ್ಮಗಳ ಪುಸ್ತಕದ ಖರ್ಚೆಲ್ಲ ಇದರ ಮೊಟ್ಟೇಲೇ ನಡೀತಿತ್ತು” ಎಂದರು.

ಓದು ಬಲ್ಲವರೆಂದು ನಮ್ಮನ್ನು ನಂಬಿ ಕೇಳಿದ ಪ್ರಶ್ನೆ ಅದು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಪಶುವೈದ್ಯರಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡುದನ್ನು ಈ ಹೊತ್ತು ತಮ್ಮ ಮುಂದಿಡುತ್ತೇವೆ. ನಗರದಲ್ಲಿಯೂ ಹಿತ್ತಲಿನಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವವರು ಉಂಟಷ್ಟೆ. ಅವರಿಗೂ ಇದು ಉಪಯೋಗವಾದೀತು.

ಮೊದಲು ತಿಳಿಯಬೇಕಾದ ಮಾತೆಂದರೆ, ಕುಂಟುವುದು ಒಂದು ರೋಗವಲ್ಲ, ಲಕ್ಷಣ. ಜ್ವರಕ್ಕೆ ಕಾರಣಗಳು ಹಲವಾಗಿರುವಂತೆ ಕುಂಟಿಗೂ ಹಲವು ಕಾರಣಗಳಿವೆ. ಒಂದಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಮತ್ತೊಂದಕ್ಕೆ ಲೋಕದಲ್ಲಿ ಔಷಧವೇ ಇಲ್ಲ. ಆದುದರಿಂದ ಚಿಕಿತ್ಸೆಗೆ ಮುಂಚೆ ಪರೀಕ್ಷೆ ನಡೆಯಬೇಕು.

ಸಂಜೆಗತ್ತಲಲ್ಲಿ ಕೋಳಿ ಶಾಂತವಾಗಿರುತ್ತದೆ. ಆಗ ಅದರ ರೆಕ್ಕೆಗಳನ್ನು ಬಟ್ಟೆಯಲ್ಲಿ ಮೆಲ್ಲಗೆ ಸುತ್ತಿ ತೊಡೆಯ ಮೇಲೆ ಇರಿಸಿಕೊಂಡು, ದೀಪದ ಬೆಳಕಿನಲ್ಲಿ ಅಂಗಾಲಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಕೋಳಿಯು ನಮ್ಮಂತೆ ಪಾದವೂರಿ ನಡೆಯುವುದಿಲ್ಲ. ಬೆರಳುಗಳ ಮೇಲೆ ನಡೆಯುತ್ತದೆ. ಹಿಂದಕ್ಕೆ ಬಾಗಿದ ಮೊಣಕಾಲೆಂದು ನಾವು ಭಾವಿಸುವುದು ವಾಸ್ತವವಾಗಿ ಅದರ ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಗರಿಗಳೊಳಗೆ ಅಡಗಿದೆ. ಎರಡು ಕಾಲುಗಳನ್ನೂ ಹೋಲಿಸಿ ನೋಡಿದರೆ ಯಾವುದು ಬಿಸಿ, ಯಾವುದು ಊದಿದೆ, ಎಲ್ಲಿ ಮುಟ್ಟಿದರೆ ಕಾಲನ್ನು ಸೆಳೆದುಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ಬೆರಳುಗಳ ಸಂದಿಯನ್ನು ಮರೆಯಬಾರದು. ಹೆಂಗಸರ ಉದುರಿದ ಕೂದಲೋ ಗೋಣಿಯ ದಾರವೋ ಸುತ್ತಿಕೊಂಡು ರಕ್ತಸಂಚಾರವನ್ನು ತಡೆದು ಬೆರಳನ್ನೇ ಕಪ್ಪಾಗಿಸುವುದುಂಟು. ಇದಕ್ಕೆ ಬೇಕಾದ ಚಿಕಿತ್ಸೆ ಒಂದು ಸಣ್ಣ ಕತ್ತರಿ ಮಾತ್ರ.

ಬೆಳಗೊಳದ ಆ ಹೇಂಟೆಯ ಅಂಗಾಲಿನಲ್ಲಿ ಕಡಲೆಬೇಳೆಯಷ್ಟಗಲದ ಕಪ್ಪು ಹೆಕ್ಕಳೆಯೂ ಅದರ ಸುತ್ತ ಕೆಂಪಾದ ಬಾವೂ ಇದ್ದವು. ಕಬ್ಬು ಕಡಿದ ಗದ್ದೆಯ ಕೂಳೆ ಚುಚ್ಚಿ ಆದ ಗಾಯವದು. ಮುಳ್ಳು, ಗಾಜಿನ ಚೂರು, ಒರಟಾದ ಅಟ್ಟಣೆ, ಎತ್ತರದಿಂದ ಗಟ್ಟಿ ನೆಲಕ್ಕೆ ಧುಮುಕುವುದು, ಇವುಗಳಿಂದಲೂ ಅಂಗಾಲಿನ ಚರ್ಮ ಬಿರಿಯುತ್ತದೆ. ಆ ಬಿರುಕಿನಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಸೂಕ್ಷ್ಮಜೀವಿ ಹೊಕ್ಕು ಬಾವನ್ನುಂಟುಮಾಡುತ್ತದೆ. ಇದನ್ನು ಆಂಗ್ಲರು ಬಂಬಲ್‌ಫುಟ್ ಎನ್ನುತ್ತಾರೆ. ನಾವು ಅಂಗಾಲುಬಾವು ಎನ್ನೋಣ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬಾವೆಂದಮೇಲೆ ಕೀವಿರಬೇಕು, ಕೀವಿದ್ದರೆ ಹಿಸುಕಿ ತೆಗೆಯಬೇಕೆಂದು ತರ್ಕಿಸಿ, ಹಿಂದೊಮ್ಮೆ ನಮ್ಮ ಮನೆಯ ಕೋಳಿಯ ಕಾಲನ್ನು ಹಿಸುಕಿ ನೋವನ್ನು ಇಮ್ಮಡಿ ಮಾಡಿದ್ದೆವು. ಹಕ್ಕಿಗಳ ಕೀವು ಮನುಷ್ಯರ ಕೀವಿನಂತೆ ದ್ರವವಲ್ಲ. ಕೀವನ್ನು ಕರಗಿಸುವ ಕೆಲವು ಕಿಣ್ವಗಳು ಅವುಗಳ ಬಿಳಿಯ ರಕ್ತಕಣಗಳಲ್ಲಿ ಕಡಮೆಯಾದುದರಿಂದ ಅದು ಗಿಣ್ಣಿನಂತೆ ಗಟ್ಟಿಯಾಗಿ ನಿಲ್ಲುತ್ತದೆ. ಹಿಸುಕಿದರೆ ಹೊರಗೆ ಬರುವುದಕ್ಕೆ ಬದಲು ರೋಗ ಒಳಗೆ ಹರಡುತ್ತದೆ. ಸ್ನಾಯುರಜ್ಜುವನ್ನೂ ಮೂಳೆಯನ್ನೂ ಮುಟ್ಟಿದರೆ ಕೋಳಿ ಉಳಿಯುವುದು ಕಷ್ಟ.

ಹಾಗಾದರೆ ಮಾಡಬೇಕಾದುದೇನು? ಬಾವು ಸಣ್ಣದಾಗಿದ್ದರೆ ಎಪ್ಸಂ ಉಪ್ಪನ್ನು ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕಾಲನ್ನು 10-15 ನಿಮಿಷ ನೆನೆಸಿ, ಮಣ್ಣನ್ನು ತೊಳೆದು, ಒರಸಿ ಒಣಗಿಸಿ, ನೀರು ಬೆರಸಿ ತಿಳಿಮಾಡಿದ ಪೊವಿಡೋನ್ ಅಯೊಡಿನ್ ದ್ರಾವಣವನ್ನು ಹಚ್ಚಬೇಕು. ಮೇಲೆ ಶುಚಿಯಾದ ಬಟ್ಟೆಯ ಮೆತ್ತೆಯಿಟ್ಟು ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸುತ್ತಿರಬೇಕು. ಪಟ್ಟಿ ಬಿಗಿಯಾದರೆ ಬೆರಳು ತಣ್ಣಗಾಗಿ ಊದಿಕೊಳ್ಳುತ್ತದೆ. ಆಗ ಕೂಡಲೇ ಸಡಿಲಿಸಬೇಕು. ಕೋಳಿಯನ್ನು ಒಣಗಿದ ಭತ್ತದ ಹೊಟ್ಟು ಹರಡಿದ ಮೂಲೆಯಲ್ಲಿ ಬೇರೆಯಾಗಿಟ್ಟು, ನೀರನ್ನೂ ಕಾಳನ್ನೂ ಬಳಿಗೇ ಒದಗಿಸಬೇಕು. ಈ ಸೂಕ್ಷ್ಮಜೀವಿ ಮನುಷ್ಯರ ಗಾಯಕ್ಕೂ ಅಂಟಬಲ್ಲುದಾದುದರಿಂದ ಕೈಗವಸು ತೊಡುವುದೂ ಬಳಿಕ ಸಾಬೂನಿನಿಂದ ಕೈ ತೊಳೆಯುವುದೂ ಅವಶ್ಯ. ಬಾವು ದೊಡ್ಡದಾಗಿದ್ದರೆ, ಅಥವಾ ಕೆಲವು ದಿನಗಳಲ್ಲಿ ಇಳಿಯದಿದ್ದರೆ, ಮನೆಯ ಚಾಕುವನ್ನು ಮುಟ್ಟದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅವರು ಆಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆಯನ್ನು ಬಳಸಬಾರದೆಂದು ಕೇಳಿ ತಿಳಿದು, ಅದರಂತೆ ನಡೆಯಬೇಕು.

ಎರಡನೆಯದು ಹುರುಪೆಗಾಲು. ಕಾಲಿನ ಪೊರೆಗಳು ಮೇಲಕ್ಕೆದ್ದು, ಬೂದಿ ಮೆತ್ತಿದಂತೆ ಬಿಳಿಯ ಹುರುಪೆಗಟ್ಟುತ್ತವೆ. ಪೊರೆಗಳ ಕೆಳಗೆ ಕೊರೆಯುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳು ಇದಕ್ಕೆ ಕಾರಣ. ಕೆಲವರು ಸೀಮೆಎಣ್ಣೆ ಹಚ್ಚುತ್ತಾರೆ. ಅದು ಚರ್ಮವನ್ನು ಸುಡುತ್ತದೆ, ಬೇಡ. ಬೆಚ್ಚನೆಯ ಸಾಬೂನುನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ದಟ್ಟವಾಗಿ ಬಳಿದರೆ ಹುಳು ಉಸಿರುಕಟ್ಟಿ ಸಾಯುತ್ತದೆ. ಪೊರೆಗಳನ್ನು ಕಿತ್ತು ತೆಗೆಯಬಾರದು. ಹಲವು ವಾರ ಬಿಡದೆ ಮಾಡಬೇಕು. ಹಿಂಡಿನ ಎಲ್ಲ ಕೋಳಿಗಳಿಗೂ ಮಾಡಬೇಕು. ಕೂರುವ ಅಟ್ಟಣೆಯನ್ನೂ ತೊಳೆಯಬೇಕು.

ಮೂರನೆಯದು ಮೂಳೆ ಮುರಿತ. ಪೊರೆಯಿರುವ ಕೆಳಗಾಲು ಮುರಿದು ಚರ್ಮ ಒಡೆಯದಿದ್ದರೆ, ಹತ್ತಿಯ ಮೆತ್ತೆ ಸುತ್ತಿ, ನುಣುಪಾದ ಬಿದಿರಿನ ದಬ್ಬೆಗಳನ್ನಿಟ್ಟು ಕಟ್ಟಿದರೆ ಸುಮಾರು 3 ವಾರಗಳಲ್ಲಿ ಕೂಡಿಕೊಳ್ಳುವುದುಂಟು. ಅದಕ್ಕೂ ಮೇಲಿನ ಮುರಿತವೂ, ಮೂಳೆ ಹೊರಬಂದ ಮುರಿತವೂ ವೈದ್ಯರ ಕೆಲಸ.

ನಾಲ್ಕನೆಯದು ಆಹಾರದ ಕೊರತೆ. ಮರಿಗಳ ಬೆರಳುಗಳು ಒಳಕ್ಕೆ ಮುದುಡಿ, ಅವು ಹಿಮ್ಮಡಿಯ ಮೇಲೆ ಕೂತು ತೆವಳಿದರೆ ರೈಬೊಫ್ಲೇವಿನ್ ಎಂಬ ಜೀವಸತ್ವ ಸಾಲದೆಂದು ಊಹಿಸಬಹುದು. ನುಚ್ಚನ್ನೇ ತಿಂದು ಬೆಳೆಯುವ ಮರಿಗಳಲ್ಲಿ ಇದು ಸಹಜ. ಸೊಪ್ಪು, ಮಜ್ಜಿಗೆ, ಜೀವಸತ್ವದ ಹನಿಗಳು ಬೇಗ ದೊರೆತರೆ ಗುಣವಾಗುತ್ತದೆ. ತಡವಾದರೆ ನರಗಳು ಕೆಟ್ಟು ಹಾಗೆಯೇ ನಿಲ್ಲುತ್ತದೆ. ಮೊಟ್ಟೆಯಿಡುವ ಹೇಂಟೆಯ ಮಾತು ಬೇರೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಆಹಾರದಲ್ಲಿ ಅದು ಸಿಗದಿದ್ದರೆ ತಾಯಿಯು ತನ್ನ ಮೂಳೆಯನ್ನೇ ಕರಗಿಸಿ ಮೊಟ್ಟೆಗೆ ಕೊಡುತ್ತಾಳೆ. ತೆಳುಚಿಪ್ಪಿನ ಮೊಟ್ಟೆಯೂ ಕಾಲಿನ ನಿತ್ರಾಣವೂ ಒಟ್ಟಿಗೆ ಕಂಡರೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡಬೇಕು, ಬಿಸಿಲೂ ಸಿಗಬೇಕು.

ಇನ್ನು ಕೈಮದ್ದಿಗೆ ಬಗ್ಗದ ಎರಡು ರೋಗಗಳು. ಹಂಗೆರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ವರ್ಣಿಸಿದ ಪಾರ್ಶ್ವವಾಯುವಿಗೆ ಅವರ ಹೆಸರೇ ನಿಂತಿದೆ. ಎಳೆಯ ಕೋಳಿ ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದಿರುತ್ತದೆ. ಅಂಗಾಲಿನಲ್ಲಿ ಗಾಯವೇನೂ ಕಾಣದು. ಇದಕ್ಕೆ ಔಷಧವಿಲ್ಲ. ಮರಿ ಹೊರಬಂದ ಮೊದಲ ದಿನವೇ ಹಾಕುವ ಲಸಿಕೆಯೊಂದೇ ರಕ್ಷೆ. ಎರಡನೆಯದು ನಮ್ಮ ಜನ ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್. ತೂಕಡಿಕೆ, ಏದುಸಿರು, ಹಸಿರು ಭೇದಿ, ಕತ್ತು ತಿರುಚುವುದು, ಇವುಗಳ ಜೊತೆಗೆ ಕಾಲೂ ಬಿದ್ದುಹೋಗುತ್ತದೆ. ಒಂದು ಮಳೆಗಾಲ ನಾವು ಇಂಥ ಕೋಳಿಯನ್ನು ಬರಿಯ ಕುಂಟೆಂದು ತಿಳಿದು ಎಣ್ಣೆ ನೀವುತ್ತ ಎರಡು ದಿನ ಹಿಂಡಿನಲ್ಲೇ ಇಟ್ಟುಕೊಂಡೆವು. ವಾರ ಕಳೆಯುವುದರೊಳಗೆ ಒಂಬತ್ತು ಕೋಳಿಗಳ ಗೂಡು ಬರಿದಾಯಿತು. ಪಕ್ಕದ ಮನೆಯವರ ಗೂಡೂ ಉಳಿಯಲಿಲ್ಲ. ಅದು ಇಂದಿಗೂ ನಮ್ಮ ಮನಸ್ಸಿನಲ್ಲಿ ಮುಳ್ಳಾಗಿದೆ.

ಆದಕಾರಣ, ಗಾಯವಿಲ್ಲದ ಕುಂಟನ್ನು ಕಂಡೊಡನೆ ಆ ಕೋಳಿಯನ್ನು ಬೇರ್ಪಡಿಸಿ ಪಶುವೈದ್ಯಶಾಲೆಗೆ ತಿಳಿಸಬೇಕು. ಅದನ್ನು ಸಂತೆಗೆ ಕೊಡುವುದೆಂದರೆ ರೋಗವನ್ನು ಹತ್ತೂರಿಗೆ ಹಂಚುವುದೆಂದೇ ಅರ್ಥ. ಸತ್ತ ಕೋಳಿಯನ್ನು ನಾಲೆಗೆ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕೊಕ್ಕರೆ ರೋಗಕ್ಕೆ ಮರಿಯ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಯ ಲಸಿಕೆಯನ್ನೂ, 8 ವಾರ ತುಂಬಿದ ಮೇಲೆ ಚುಚ್ಚುಮದ್ದನ್ನೂ ಹಾಕಿಸುವ ಪದ್ಧತಿಯಿದೆ.

ಕಾಲು ಕೆಡದಂತೆ ಕಾಯುವುದು ಚಿಕಿತ್ಸೆಗಿಂತ ಸುಲಭ. ನೆಲ ಒಣಗಿರಲಿ, ನಾಲೆಯ ಬದಿಯ ಊರುಗಳಲ್ಲಿ ಇದೇ ಕಷ್ಟವಾದುದರಿಂದ ಗೂಡನ್ನು ದಿಬ್ಬದ ಮೇಲೆ ಕಟ್ಟುವುದು ಲೇಸು. ಕೂರುವ ಗಳು ಅಂಚಿಲ್ಲದಂತೆ ನುಣುಪಾಗಿಯೂ, ಎರಡು ಅಡಿಗಿಂತ ಎತ್ತರವಾಗದೆಯೂ ಇರಲಿ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಳಕೆಗೆ ಬಂದ ಗಿರಿರಾಜದಂಥ ತೂಕದ ತಳಿಗೆ ಇದು ಇನ್ನೂ ಮುಖ್ಯ. ನಾಟಿ ಕೋಳಿಯಂತೆ ಹಗುರವಾಗಿ ಇಳಿಯಲು ಅದಕ್ಕೆ ಆಗದು.

ಬೆಳಗೊಳದ ಆ ತಾಯಿ ನಾವು ಹೇಳಿದಂತೆ ಪ್ರತಿದಿನವೂ ಕಾಲು ತೊಳೆದು ಪಟ್ಟಿ ಕಟ್ಟಿದರು. ಮುಂದಿನ ತಿಂಗಳು ನಾವು ಹೋದಾಗ ಹೇಂಟೆ ತಿಪ್ಪೆಯನ್ನು ಎರಡು ಕಾಲಿನಿಂದಲೂ ಕೆದಕುತ್ತಿತ್ತು. “ಮೊಟ್ಟೆ ಇನ್ನೂ ಇಕ್ಕಿಲ್ಲ ಸ್ವಾಮಿ, ಇಕ್ತದೆ ಬುಡಿ” ಎಂದು ಅವರು ನಕ್ಕರು. ತಮ್ಮ ಹಿತ್ತಲಲ್ಲಿ ಕೋಳಿಯೊಂದು ಕುಂಟಿದಾಗ ಕತ್ತಿಗೂ ಸಂತೆಗೂ ಮುಂಚೆ ಅದರ ಅಂಗಾಲನ್ನೊಮ್ಮೆ ತಿರುಗಿಸಿ ನೋಡಿರೆಂದು ಬೇಡಿಕೊಂಡು, ಇಲ್ಲಿಗೆ ಮುಗಿಸುತ್ತೇವೆ.